ತೋಟದ ಹಳಿಗೊಂದು ಸ್ಲೇಟು ವ್ಯಾಗನ್

ವೇಲ್ಸ್‌ನ ಫೆಸ್ಟಿನಿಯೋಗ್ ರೈಲು ಮಾರ್ಗ 1836ರಲ್ಲಿ ಶುರುವಾದದ್ದು ಗಣಿಯ ಸ್ಲೇಟು ಕಲ್ಲನ್ನು ಬಂದರಿಗೆ ಇಳಿಸಲಿಕ್ಕೆ. ತುಂಬಿದ ವ್ಯಾಗನ್‌ಗಳು ಇಳಿಜಾರಿನಲ್ಲಿ ತಾವಾಗಿಯೇ ಉರುಳಿ ಬರುತ್ತಿದ್ದವು. ಬ್ರೇಕಿನವರು ಮೇಲೆ ಕೂತು ವೇಗ ತಡೆಯುತ್ತಿದ್ದರು. 1863ರಲ್ಲಿ ಉಗಿ ಎಂಜಿನ್ ಬಂದ ಮೇಲೂ ಈ ಪದ್ಧತಿ 1939ರವರೆಗೆ ನಡೆಯಿತು. ಮನೆಯ ತೋಟದಲ್ಲಿ ಓಡಿಸುವ ಪುಟ್ಟ ಮಾದರಿ ರೈಲಿಗೆ ಮೊದಲ ಸಲ ಕಿಟ್, ಅಂದರೆ ಬಿಡಿ ಭಾಗಗಳ ಕಟ್ಟು, ಜೋಡಿಸುವವರಿಗೆ ನಾನು ಹೇಳುವುದು ಈ ಸ್ಲೇಟು ವ್ಯಾಗನ್ನನ್ನೇ. ಬಾಗಿಲಿಲ್ಲ, ಚಾವಣಿಯಿಲ್ಲ, ನಾಲ್ಕೇ ಗಾಲಿ.

ಲೆಕ್ಕ ನಿಜ ರೈಲಿನ ಒಂದು ಅಡಿಗೆ ಮಾದರಿಯಲ್ಲಿ 16 ಮಿ.ಮೀ. ಎರಡಡಿ ಅಗಲದ ಹಳಿ ಇಲ್ಲಿ 32 ಮಿ.ಮೀ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಪುಟ್ಟ ರೈಲಿನ ಹಳಿಯೂ ಎರಡಡಿಯದೇ. ತೋಟಗಳಲ್ಲಿ 45 ಮಿ.ಮೀ. ಹಳಿಯೂ ಬಳಕೆಯಲ್ಲಿದೆ. ಹಾಗಾಗಿ ಗಾಲಿ ಯಾವ ಅಳತೆಯದು ಎಂದು ನೋಡಿಯೇ ಕಿಟ್ ಕೊಳ್ಳಿ.

ಪ್ಲಾಸ್ಟಿಕ್ ಭಾಗಗಳನ್ನು ಮೊದಲು ಸೋಪು ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನಿಂದ ಅವನ್ನು ಮುರಿಯಬೇಡಿ, ಕಟ್ಟರಿನಲ್ಲಿ ಭಾಗದಿಂದ ತುಸು ದೂರಕ್ಕೆ ಕತ್ತರಿಸಿ, ಉಳಿದ ತುಣುಕನ್ನು ಉಪ್ಪುಕಾಗದದಲ್ಲಿ ಉಜ್ಜಿ. ಅಂಟು ಹಚ್ಚುವ ಮುಂಚೆ ಎಲ್ಲವನ್ನೂ ಒಮ್ಮೆ ಹಾಗೇ ಕೂಡಿಸಿ ನೋಡಿ.

ಇನ್ನು ಚಾಸಿ, ಅಂದರೆ ಗಾಲಿಗಳು ಕೂರುವ ತಳಕಟ್ಟು. ಇಡೀ ಕೆಲಸದ ಜೀವ ಇರುವುದು ಇಲ್ಲೇ. ನನ್ನ ಮೊದಲ ವ್ಯಾಗನ್ ನೋಡಲು ಚೆನ್ನಾಗಿತ್ತು, ಆದರೆ ಒಂದೇ ತಿರುವಿನಲ್ಲಿ ಪ್ರತಿ ಸುತ್ತಿಗೂ ಹಳಿ ತಪ್ಪುತ್ತಿತ್ತು. ವಾರವೆಲ್ಲ ಹಳಿಯನ್ನೇ ಸರಿಪಡಿಸುತ್ತ ಕೂತೆ. ಕೊನೆಗೆ ಗಾಜಿನ ಮೇಲಿಟ್ಟು ಒಂದೊಂದು ಗಾಲಿಯ ಕೆಳಗೂ ಕಾಗದದ ಪಟ್ಟಿ ತೂರಿಸಿ ನೋಡಿದೆ. ಮೂರು ಗಾಲಿ ಕಾಗದವನ್ನು ಒಳಬಿಡಲಿಲ್ಲ, ನಾಲ್ಕನೆಯದರ ಕೆಳಗೆ ಅದು ಸಲೀಸಾಗಿ ಜಾರಿತು. ಒಂದು ಗಾಲಿ ಗಾಳಿಯಲ್ಲಿತ್ತು!

ಅಂದಿನಿಂದ ಚಾಸಿಯನ್ನು ಗಾಜಿನ ಮೇಲೆಯೇ ಜೋಡಿಸುತ್ತೇನೆ. ಗಾಲಿಗಳನ್ನು ಕೂರಿಸಿ, ಮೂಲೆಮಟ್ಟ ಹಿಡಿದು, ಪ್ಲಾಸ್ಟಿಕ್ ಅಂಟನ್ನು ಕುಂಚದ ತುದಿಯಿಂದ ಸಂದಿಗೆ ಮುಟ್ಟಿಸಿದರೆ ಅದು ತಾನೇ ಒಳಗೆ ಹರಿಯುತ್ತದೆ. ಆರುವ ಮೊದಲೇ ಕಾಗದದ ಪರೀಕ್ಷೆ ಮಾಡಿದರೆ ತಿದ್ದಲು ಕೆಲವು ನಿಮಿಷ ಸಿಗುತ್ತದೆ. 32 ಮಿ.ಮೀ. ಹಳಿಗಾದರೆ ಒಂದು ಇರುಸಿನ ಎರಡು ಗಾಲಿಗಳ ಒಳಮೈ ನಡುವೆ 28 ಮಿ.ಮೀ. ಇರಲಿ. ಕ್ಯಾಲಿಪರ್‌ನಲ್ಲಿ ಅಳೆಯಿರಿ, ಕಣ್ಣಂದಾಜು ಬೇಡ. ಕಿಟಕಿ ತೆರೆದಿಡಿ, ಈ ಅಂಟಿನ ಆವಿ ಒಳ್ಳೆಯದಲ್ಲ. ಲೋಹದ ಕೊಂಡಿಗಳಿಗೆ ಈ ಅಂಟು ಹಿಡಿಯದು, ಎರಡು ಟ್ಯೂಬು ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಬೇಕು.

ಚಾಸಿಯನ್ನು ಒಂದು ರಾತ್ರಿ ಮುಟ್ಟದೆ ಬಿಟ್ಟು, ಮರುದಿನ ವ್ಯಾಗನ್ನಿನ ಪಕ್ಕಗಳಾಗುವ ಮೇಲಿನ ಕಂಬಿಗಳನ್ನು ಕೂಡಿಸಿ. ಬಣ್ಣಕ್ಕೆ ಪ್ರೈಮರ್, ಮೇಲೆ ಮಾಸಲು ಬೂದು ಸಾಕು. ಗಾಲಿ ಹಳಿಗೆ ತಾಗುವ ಮೈಗೆ ಮಾತ್ರ ಬಣ್ಣ ಬೀಳಬಾರದು.

ಉಳಿದದ್ದು ತೂಕ. ಬರೀ ಪ್ಲಾಸ್ಟಿಕ್ ವ್ಯಾಗನ್ ಒಂದು ಒಣ ಎಲೆಗೂ ಎಡವುತ್ತದೆ. ಕಂಬಿಗಳ ನಡುವೆ ಒಳಗೆಲ್ಲ ಕಾಣುವುದರಿಂದ ಕಬ್ಬಿಣದ ವಾಷರ್‌ಗಳನ್ನು ತಳದ ಕೆಳಗೆ ಅಂಟಿಸಬೇಕು. ನಾವು ಬಳಪದಲ್ಲಿ ಬರೆದ ಸ್ಲೇಟಿನ ಜಾತಿಯದೇ ಕಲ್ಲನ್ನು ಈ ವ್ಯಾಗನ್‌ಗಳು ಹೊತ್ತದ್ದು, ಮನೆಯ ಮಾಡಿಗೆ ಹೊದಿಸಲು. ಒಡೆದ ಸ್ಲೇಟು ಸಿಕ್ಕರೆ ತೆಳು ಚೂರುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಹೊರೆಯೂ ಆಯಿತು, ತೂಕವೂ ಆಯಿತು.

ಮೊದಲ ಓಟಕ್ಕೆ ಎಂಜಿನ್ ಬೇಡ. ಸಣ್ಣ ಇಳಿಜಾರಿನಲ್ಲಿಟ್ಟು ಕೈ ಬಿಡಿ. ಕೆಳಗೆ ಇನ್ನೊಂದು ಕೈ ಒಡ್ಡಿಕೊಂಡು ಕೂತಿರಿ.