ವಯಸ್ಕರ ಮೆಕಾ ಆರ್‌ಪಿಜಿ: ಬಲ, ದೌರ್ಬಲ್ಯಗಳನ್ನು ತೂಗಿ ನೋಡುವುದು ಹೇಗೆ?

ದೈತ್ಯ ಯಂತ್ರವೊಂದರ ಎದೆಗೂಡಿನಲ್ಲಿ ಕುಳಿತು ಮನುಷ್ಯ ಯುದ್ಧಕ್ಕಿಳಿಯುವ ಕಥೆಯೇ ಮೆಕಾ ಪ್ರಕಾರದ ಜೀವಾಳ. ಈ ಕಥೆ ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಪಾತ್ರವೊಂದನ್ನು ವಹಿಸಿಕೊಂಡು ಬೆಳೆಸುತ್ತ ಹೋಗುವ ಆರ್‌ಪಿಜಿಯ ರೂಪ ತಳೆದಾಗ ಆಟಗಾರ ಎರಡು ಬೆಳವಣಿಗೆಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾಗುತ್ತದೆ: ಅನುಭವದಿಂದ ಮಾಗುವ ಪೈಲಟ್ ಒಂದು ಕಡೆ, ಹಣ ಸುರಿದು ಬಲಪಡಿಸುವ ಯಂತ್ರ ಇನ್ನೊಂದು ಕಡೆ. ಇವೆರಡೂ ಒಂದಕ್ಕೊಂದು ಎಷ್ಟು ಗಟ್ಟಿಯಾಗಿ ಹೆಣೆದುಕೊಂಡಿವೆ ಎಂಬುದರ ಮೇಲೆಯೇ ಇಂಥ ಆಟದ ಗುಣಮಟ್ಟ ನಿಂತಿದೆ ಎಂಬುದು ನನ್ನ ದೃಢ ಅಭಿಪ್ರಾಯ. ವಯಸ್ಕರಿಗೆಂದು ಗುರುತಿಸಲಾದ ಮೆಕಾ ಆರ್‌ಪಿಜಿಯೊಂದನ್ನು ಕೈಗೆತ್ತಿಕೊಂಡವರು ಅದನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬಹುದು ಎಂಬುದನ್ನು, ಈ ಪ್ರಕಾರದಲ್ಲಿ ಹೆಸರಾದ ಕೆಲವು ಆಟಗಳನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ವಯಸ್ಸಿನ ಮುದ್ರೆಯನ್ನು ಓದಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಆಟಗಳಿಗೆ ವಯೋಮಿತಿ ಗುರುತಿಸುವ ಅಮೆರಿಕದ ಇಎಸ್‌ಆರ್‌ಬಿ ಪದ್ಧತಿಯಲ್ಲಿ ‘ಎಂ’ ಮುದ್ರೆ 17 ವರ್ಷ ಮೇಲ್ಪಟ್ಟವರಿಗೆ, ‘ಎಒ’ ಮುದ್ರೆ 18 ವರ್ಷ ಮೇಲ್ಪಟ್ಟವರಿಗೆ ಮೀಸಲು. ಜಪಾನಿನ ಸೆರೊ ಪದ್ಧತಿಯಲ್ಲಿ ‘ಡಿ’ 17ಕ್ಕೂ ‘ಝಡ್’ 18ಕ್ಕೂ ಸಲ್ಲುತ್ತವೆ. ಯುರೋಪಿನ ಪೆಗಿ 16 ಮತ್ತು 18 ಎಂದು ಅಂಕಿಯಲ್ಲೇ ಹೇಳಿಬಿಡುತ್ತದೆ. ಮುದ್ರೆಯ ಜೊತೆಗೆ ರಕ್ತಪಾತ, ಲೈಂಗಿಕ ದೃಶ್ಯ, ಒರಟು ಮಾತು ಎಂಬಂಥ ಕಾರಣಗಳನ್ನೂ ಕೊಟ್ಟಿರುತ್ತಾರೆ. ಮನೆಯಲ್ಲಿ ಮಕ್ಕಳಿರುವವರು ಈ ಕಾರಣಗಳನ್ನು ತಪ್ಪದೆ ಓದಬೇಕು. ಆದರೆ ಆಟದಲ್ಲಿ ಏನಿದೆ ಎಂಬುದನ್ನಷ್ಟೇ ಮುದ್ರೆ ತಿಳಿಸುತ್ತದೆ. ಅದನ್ನು ಎಷ್ಟು ಪ್ರಬುದ್ಧವಾಗಿ ನಿರ್ವಹಿಸಲಾಗಿದೆ ಎಂಬುದನ್ನು ಆಡಿಯೇ ತಿಳಿಯಬೇಕು.

ಅದಕ್ಕೊಂದು ಸರಳ ಪರೀಕ್ಷೆಯಿದೆ. ಹಿಂಸೆಯದಾಗಲಿ ಪ್ರಣಯದ್ದಾಗಲಿ, ಒಂದು ದೃಶ್ಯವನ್ನು ಮನಸ್ಸಿನಲ್ಲೇ ಕಿತ್ತುಹಾಕಿ ನೋಡಿ. ಆಮೇಲೂ ಪಾತ್ರಗಳ ನಿರ್ಧಾರಗಳು ಹಾಗೆಯೇ ಉಳಿಯುವುದಾದರೆ ಆ ದೃಶ್ಯ ಬರಿಯ ಅಲಂಕಾರ. 1995ರ ‘ಫ್ರಂಟ್ ಮಿಷನ್’ ಆರಂಭವಾಗುವುದೇ 2090ರಲ್ಲಿ, ಹಫ್‌ಮನ್ ದ್ವೀಪದ ಶಸ್ತ್ರಾಸ್ತ್ರ ಕಾರ್ಖಾನೆಯೊಂದರ ಬಳಿ ನಡೆಯುವ ಕಾರ್ಯಾಚರಣೆಯಿಂದ. ಅಲ್ಲಿ ಯೋಧ ರಾಯ್ಡ್ ತನ್ನ ಭಾವಿ ಪತ್ನಿ ಕ್ಯಾರೆನ್‌ಳನ್ನು ಕಳೆದುಕೊಳ್ಳುತ್ತಾನೆ, ಸೇನೆಯಿಂದ ಹೊರಬೀಳುತ್ತಾನೆ, ಕೊನೆಗೆ ಬಾಡಿಗೆ ಸೈನಿಕರ ದಳ ಸೇರುತ್ತಾನೆ. ಅವನು ಮುಂದೆ ಇಡುವ ಹೆಜ್ಜೆಗಳಿಗೆಲ್ಲ ಆ ಸಾವೇ ಕಾರಣವಾಗುವುದರಿಂದ ಅದನ್ನು ಕಥೆಯಿಂದ ತೆಗೆಯಲು ಬಾರದು. ವಯಸ್ಕರ ಆಟ ಎಂಬ ಮಾತಿಗೆ ನಾನು ಕೊಡುವ ಅರ್ಥ ಇದೇ.

ಎರಡನೆಯ ಹೆಜ್ಜೆ: ಗ್ಯಾರೇಜಿನಲ್ಲಿ ಸಾಕಷ್ಟು ಹೊತ್ತು ಕಳೆಯಿರಿ

ಮೆಕಾ ಆಟದ ಬಲವೂ ಬಣ್ಣವೂ ಬಯಲಾಗುವುದು ಯುದ್ಧಭೂಮಿಗಿಂತ ಹೆಚ್ಚಾಗಿ ಯಂತ್ರ ಜೋಡಿಸುವ ಪರದೆಯಲ್ಲಿ. ಅಲ್ಲಿ ನೋಡಬೇಕಾದದ್ದು ಬಿಡಿಭಾಗಗಳ ಸಂಖ್ಯೆಯನ್ನಲ್ಲ, ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕೇ ಎಂಬುದನ್ನು. ‘ಫ್ರಂಟ್ ಮಿಷನ್’ನಲ್ಲಿ ಯಂತ್ರಕ್ಕೆ ಮುಂಡ, ಎರಡು ತೋಳು, ಕಾಲು ಎಂಬ ಭಾಗಗಳಿದ್ದು, ಪ್ರತಿಯೊಂದಕ್ಕೂ ಪ್ರತ್ಯೇಕ ಆಯುಷ್ಯವಿದೆ. ತೋಳು ಮುರಿದರೆ ಆ ತೋಳಿನ ಆಯುಧ ಹೋಯಿತು, ಕಾಲು ಮುರಿದರೆ ನಡಿಗೆ ಕುಂಟಿತು, ಮುಂಡ ಒಡೆದರೆ ಯಂತ್ರವೇ ಮುಗಿಯಿತು. ಹೇರಿದ ಒಟ್ಟು ತೂಕ ಎಂಜಿನ್ನಿನ ಶಕ್ತಿಯನ್ನು ಮೀರುವಂತಿಲ್ಲ. ಇಷ್ಟು ಚೊಕ್ಕವಾದ ನಿಯಮಗಳು ಆ ಕಾಲದ ಆಟದಲ್ಲಿದ್ದವು ಎಂಬುದೇ ದೊಡ್ಡ ಮಾತು. ಆದರೆ ಕಥೆ ಮುಂದುವರಿದಂತೆ ಅಂಗಡಿಗೆ ಬರುವ ಹೊಸ ಭಾಗಗಳು ಬಹುಮಟ್ಟಿಗೆ ಹಳೆಯವನ್ನು ಎಲ್ಲ ರೀತಿಯಲ್ಲೂ ಮೀರಿಸುತ್ತವೆ. ಆಯ್ಕೆಯ ಸ್ವಾರಸ್ಯ ಅಷ್ಟರಮಟ್ಟಿಗೆ ಖರೀದಿಯ ಕೆಲಸವಾಗಿಬಿಡುತ್ತದೆ.

2018ರ ‘ಬ್ಯಾಟಲ್‌ಟೆಕ್’ ಈ ವಿಷಯದಲ್ಲಿ ಇನ್ನೂ ಆಳಕ್ಕಿಳಿಯುತ್ತದೆ. ಯಂತ್ರಗಳು 20 ಟನ್ನಿನಿಂದ 100 ಟನ್ನಿನವರೆಗೆ ಇವೆ. ಆಯುಧ, ಮದ್ದುಗುಂಡು, ಕವಚ, ಶಾಖ ಹೊರಹಾಕುವ ಸಾಧನ ಎಲ್ಲವೂ ಆ ಟನ್ನುಗಳ ಮಿತಿಯಲ್ಲೇ ಹಿಡಿಯಬೇಕು. ಸಿಕ್ಕ ಆಯುಧಗಳನ್ನೆಲ್ಲ ಒಂದೇ ಸರದಿಯಲ್ಲಿ ಹಾರಿಸಿದರೆ ಯಂತ್ರ ಬಿಸಿಯೇರುತ್ತದೆ. ಮಿತಿ ದಾಟಿದರೆ ಒಳಚೌಕಟ್ಟು ಹಾನಿಗೊಳ್ಳುತ್ತದೆ, ಇನ್ನೂ ಕಾದರೆ ಯುದ್ಧದ ನಡುವೆಯೇ ಎಂಜಿನ್ ಆರಿಹೋಗುತ್ತದೆ. ನೀರಿನಲ್ಲಿ ನಿಂತ ಯಂತ್ರ ಬೇಗ ತಣಿಯುತ್ತದೆ, ಗಾಳಿಯಿಲ್ಲದ ಚಂದ್ರನಂಥ ನೆಲದಲ್ಲಿ ನಿಧಾನವಾಗಿ ತಣಿಯುತ್ತದೆ. ಹೀಗಾಗಿ ಕೊಳವೊಂದರ ದಡ ಹಿಡಿದು ಮುನ್ನುಗ್ಗುವುದೋ ಗುಡ್ಡದ ಮರೆಯಲ್ಲಿ ಕಾಯುವುದೋ ಎಂಬ ನಿರ್ಧಾರಕ್ಕೆ ಗ್ಯಾರೇಜಿನಲ್ಲಿ ಮಾಡಿದ ಜೋಡಣೆಯೇ ಆಧಾರವಾಗುತ್ತದೆ.

ನಿಮ್ಮ ಕೈಯಲ್ಲಿರುವ ಆಟವನ್ನು ಹೀಗೆ ಪರೀಕ್ಷಿಸಿ. ಹಗುರವೂ ಚುರುಕೂ ಆದ ಒಂದು ಯಂತ್ರವನ್ನು, ದಪ್ಪ ಕವಚದ ಮಂದಗತಿಯ ಇನ್ನೊಂದನ್ನು ಹೆಚ್ಚುಕಡಿಮೆ ಒಂದೇ ಖರ್ಚಿನಲ್ಲಿ ಕಟ್ಟಿ. ಆಟವನ್ನು ಸೇವ್ ಮಾಡಿಟ್ಟುಕೊಂಡು, ಒಂದೇ ಮಿಷನ್ನನ್ನು ಎರಡರಲ್ಲೂ ಆಡಿ. ನೀವು ನಿಂತ ಜಾಗ, ಗುಂಡು ಹಾರಿಸಿದ ದೂರ, ಹಿಂದೆ ಸರಿದ ಸಂದರ್ಭ ಎರಡು ಬಾರಿಯೂ ಒಂದೇ ಆಗಿದ್ದರೆ ಆ ಗ್ಯಾರೇಜು ಬಣ್ಣ ಬಳಿಯುವುದಕ್ಕೆ ಮಾತ್ರ ಇದೆ ಎಂದು ತಿಳಿಯಬಹುದು.

ಮೂರನೆಯ ಹೆಜ್ಜೆ: ಮನುಷ್ಯನಿಗೂ ಯಂತ್ರಕ್ಕೂ ಇರುವ ನಂಟನ್ನು ಹುಡುಕಿ

1998ರ ‘ಝೆನೊಗಿಯರ್ಸ್’ನಲ್ಲಿ ಕಾಲ್ನಡಿಗೆಯಲ್ಲಿ ಕಾದಾಡುವ ಪಾತ್ರಗಳು ಅನುಭವದಿಂದ ಲೆವೆಲ್, ಅಂದರೆ ಶಕ್ತಿಯ ಮಟ್ಟ, ಏರುತ್ತವೆ, ಅವರ ಯಂತ್ರಗಳು ಏರುವುದಿಲ್ಲ, ಅವುಗಳಿಗೆ ಎಂಜಿನ್, ಕವಚಗಳನ್ನು ಕೊಂಡೇ ತರಬೇಕು. ಯಂತ್ರದ ಪ್ರತಿ ಏಟಿಗೂ ಇಂಧನ ಖರ್ಚಾಗುವುದರಿಂದ, ದೊಡ್ಡ ಶತ್ರುವಿನ ಎದುರು ಜೋರಾಗಿ ಹೊಡೆಯುವುದೋ ಉಳಿಸಿಕೊಳ್ಳುವುದೋ ಎಂಬ ಉದ್ವೇಗ ಸಹಜವಾಗಿ ಹುಟ್ಟುತ್ತದೆ. ಇದು ಬಲ. ಆದರೆ ಕಷ್ಟಪಟ್ಟು ಬೆಳೆಸಿದ ಪಾತ್ರದ ಶಕ್ತಿಗಿಂತ ಅಂಗಡಿಯ ಸರಕೇ ಹೆಚ್ಚು ತೂಗಿದಾಗ ಎರಡು ಬೇರೆ ಆಟಗಳನ್ನು ಪಕ್ಕಪಕ್ಕದಲ್ಲಿ ಇಟ್ಟಂತೆ ಕಾಣುತ್ತದೆ.

ಯಂತ್ರ ಕೈಗೆ ಸಿಗುವುದು ಯಾವಾಗ ಎಂಬುದನ್ನೂ ಗಮನಿಸಬೇಕು. 2015ರ ‘ಝೆನೊಬ್ಲೇಡ್ ಕ್ರಾನಿಕಲ್ಸ್ ಎಕ್ಸ್’ನಲ್ಲಿ ಮಿರಾ ಎಂಬ ಗ್ರಹವನ್ನು ಬಹುಕಾಲ ಕಾಲ್ನಡಿಗೆಯಲ್ಲೇ ಸುತ್ತಬೇಕು, ಆರನೆಯ ಅಧ್ಯಾಯ ಮುಗಿದ ಮೇಲಷ್ಟೇ ‘ಸ್ಕೆಲ್’ ಯಂತ್ರ ಓಡಿಸುವ ಪರವಾನಗಿಯ ದಾರಿ ತೆರೆಯುತ್ತದೆ, ಹಾರುವ ಸೌಲಭ್ಯ ಅದಕ್ಕೂ ತಡವಾಗಿ ಸಿಗುತ್ತದೆ. ಮೆಕಾ ಆಟವೆಂದು ಕೊಂಡವರಿಗೆ ಈ ವಿಳಂಬ ಖಂಡಿತ ಬೇಸರ ತರಿಸುತ್ತದೆ. ಆದರೆ ಯಾವ ಪ್ರಾಣಿಗಳ ಕಾಲ ಬುಡದಲ್ಲಿ ಅಂಜುತ್ತ ನುಸುಳಿದ್ದೆವೋ ಅವುಗಳನ್ನು ಮೊದಲ ಬಾರಿಗೆ ಯಂತ್ರದೊಳಗಿನಿಂದ ಸಮನೆತ್ತರದಲ್ಲಿ ಕಂಡಾಗ ಆಗುವ ರೋಮಾಂಚನಕ್ಕೆ ಆ ವಿಳಂಬವೇ ಕಾರಣ. ವಿಮರ್ಶೆಯಲ್ಲಿ ಎರಡನ್ನೂ ಹೇಳಬೇಕು.

‘ಬ್ಯಾಟಲ್‌ಟೆಕ್’ನಲ್ಲಿ ಈ ನಂಟು ಲೆಕ್ಕಪತ್ರದ ಮೂಲಕ ಬರುತ್ತದೆ: ಗಾಯಗೊಂಡ ಪೈಲಟ್ ದಿನಗಟ್ಟಲೆ ಮಲಗಿರುತ್ತಾನೆ, ಸತ್ತವನು ಮರಳುವುದಿಲ್ಲ, ತಿಂಗಳ ಸಂಬಳ ಮಾತ್ರ ತಪ್ಪುವುದಿಲ್ಲ.

ನಾಲ್ಕನೆಯ ಹೆಜ್ಜೆ: ವೇಗವನ್ನು ಗಡಿಯಾರ ಹಿಡಿದು ಅಳೆಯಿರಿ

ಒಂದು ಪೂರ್ಣ ಯುದ್ಧದಲ್ಲಿ ನೀವು ಯೋಚಿಸಿದ ಹೊತ್ತೆಷ್ಟು, ಸುಮ್ಮನೆ ನೋಡುತ್ತ ಕುಳಿತ ಹೊತ್ತೆಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಭಾರೀ ಯಂತ್ರದ ನಡಿಗೆ ನಿಧಾನವಾಗಿರುವುದು ಚಂದ, ಆದರೆ ಅದೇ ನಡಿಗೆಯನ್ನು ನೂರು ಬಾರಿ ನೋಡುವುದು ಶಿಕ್ಷೆ. ‘ಬ್ಯಾಟಲ್‌ಟೆಕ್’ ಬಿಡುಗಡೆಯಾದಾಗ ಈ ದೂರು ವ್ಯಾಪಕವಾಗಿ ಕೇಳಿಬಂದಿತ್ತು. ನಂತರದ ಅಪ್‌ಡೇಟ್‌ಗಳಲ್ಲಿ ವೇಗ ಹೆಚ್ಚಿಸುವ ಅವಕಾಶ ಕೊಟ್ಟರು. ಹಣಕ್ಕಾಗಿ ಅದೇ ಯುದ್ಧವನ್ನು ಮತ್ತೆ ಮತ್ತೆ ಆಡಬೇಕಾಗುತ್ತದೆಯೇ ಎಂಬುದನ್ನೂ ಇಲ್ಲೇ ಗುರುತಿಸಿಕೊಳ್ಳಿ. ‘ಫ್ರಂಟ್ ಮಿಷನ್’ನ ಪಂದ್ಯದ ಕಣದಲ್ಲಿ ಪದೇ ಪದೇ ಹೋರಾಡಿ ಹಣ ಕೂಡಿಸಬಹುದಾದ್ದರಿಂದ, ತಾಳ್ಮೆಯಿದ್ದವರಿಗೆ ಆ ಆಟದ ಹಣಕಾಸಿನ ಬಿಗಿ ಸಡಿಲವಾಗಿಬಿಡುತ್ತದೆ.

ಐದನೆಯ ಹೆಜ್ಜೆ: ಕೊನೆಯವರೆಗೆ ಆಡದೆ ಕಥೆಗೆ ತೀರ್ಪು ಕೊಡಬೇಡಿ

‘ಝೆನೊಗಿಯರ್ಸ್’ ಎರಡು ಡಿಸ್ಕ್‌ಗಳ ಆಟ. ಮೊದಲ ಡಿಸ್ಕ್‌ನಲ್ಲಿ ಊರು, ಕಾಡು, ಗುಹೆಗಳನ್ನು ನಾವೇ ಸುತ್ತುತ್ತೇವೆ; ಎರಡನೆಯದರಲ್ಲಿ ಬಹುಪಾಲು ಕಥೆಯನ್ನು ಪಾತ್ರಗಳು ಕುರ್ಚಿಯಲ್ಲಿ ಕುಳಿತು ಹೇಳಿಮುಗಿಸುತ್ತವೆ. ಮೊದಲರ್ಧವನ್ನಷ್ಟೇ ಆಡಿ ಹೊಗಳಿದವರಿಗೆ ಈ ಕೊರತೆ ಕಾಣುವುದೇ ಇಲ್ಲ. ಹಾಗೆಂದು ಅಲ್ಲಿಗೇ ಆಟ ಬಿಟ್ಟವರಿಗೆ, ಅದುವರೆಗೆ ಬಿಡಿಬಿಡಿಯಾಗಿದ್ದ ಎಳೆಗಳು ಕೂಡಿಕೊಳ್ಳುವ ಪರಿಯೂ ದಕ್ಕುವುದಿಲ್ಲ.

ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಸಾಮಾನ್ಯವಾಗಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಕಥೆಯನ್ನು ಅಳೆಯಲು ಎರಡು ಗಂಟೆ ಏನೇನೂ ಸಾಲದು. ಆದ್ದರಿಂದ ಆ ಅವಧಿಯನ್ನು ಅಕ್ಷರಗಳ ಗಾತ್ರ, ನಿಯಂತ್ರಣದ ಹದ, ಕಷ್ಟದ ಮಟ್ಟ ಬದಲಿಸುವ ಸೌಲಭ್ಯ ಇವನ್ನು ನೋಡಲು ಬಳಸುವುದು ಜಾಣತನ.

ಆರನೆಯ ಹೆಜ್ಜೆ: ಬರೆಯುವಾಗ ಕಾರಣ ಕೊಡಿ

ಯಾವ ಆವೃತ್ತಿಯನ್ನು, ಯಾವ ಸಾಧನದಲ್ಲಿ, ಯಾವ ಕಷ್ಟದ ಮಟ್ಟದಲ್ಲಿ ಆಡಿದಿರಿ ಎಂಬುದನ್ನು ಮೊದಲೇ ತಿಳಿಸಿ. ‘ಫ್ರಂಟ್ ಮಿಷನ್’ 2022ರಲ್ಲಿ, ‘ಝೆನೊಬ್ಲೇಡ್ ಕ್ರಾನಿಕಲ್ಸ್ ಎಕ್ಸ್’ 2025ರಲ್ಲಿ ಹೊಸ ರೂಪದಲ್ಲಿ ಬಂದಿರುವುದರಿಂದ ಮೂಲದ ಮೇಲಿನ ದೂರು ಹೊಸದಕ್ಕೆ ಅನ್ವಯಿಸಲಾರದು. ಬಲಗಳದ್ದೊಂದು, ದೌರ್ಬಲ್ಯಗಳದ್ದೊಂದು ಪಟ್ಟಿ ಮಾಡಿ ಮುಗಿಸುವುದಕ್ಕಿಂತ, ಎರಡೂ ಎಲ್ಲಿ ಒಂದೇ ಬೇರಿನಿಂದ ಹೊರಟಿವೆ ಎಂದು ತೋರಿಸಿದರೆ ಓದುಗನಿಗೆ ಹೆಚ್ಚು ಪ್ರಯೋಜನ. ‘ಯುದ್ಧ ನಿಧಾನ’ ಎಂದಷ್ಟೇ ಬರೆಯದೆ, ‘ಪ್ರತಿ ಗುಂಡಿಗೂ ಶಾಖದ ಲೆಕ್ಕ ಹಾಕಬೇಕಾದ್ದರಿಂದ ನಿಧಾನ, ಲೆಕ್ಕ ಬೇಡವೆನ್ನುವವರು ಇತ್ತ ಬರಬಾರದು’ ಎಂದು ಬರೆಯಿರಿ.