ಕಿರಿದಾದ ಅನ್ನನಾಳಕ್ಕೆ ಔಷಧಿ ಹಿಡಿಸುವುದು ಹೇಗೆ?

ಅನ್ನನಾಳ ಕಿರಿದಾಗಿ ತುತ್ತು ಸಿಕ್ಕಿಕೊಳ್ಳುವವರಿಗೆ ಎಂಡೋಸ್ಕೋಪಿ ಮಾಡಿ, ಬಲೂನಿನಿಂದ ಹಿಗ್ಗಿಸುತ್ತಾರೆ. ಕೆಲವರಿಗೆ ತಿಂಗಳೊಪ್ಪತ್ತಿನಲ್ಲೇ ಮತ್ತೆ ಬಿಗಿಯುತ್ತದೆ. ಇದಕ್ಕಿರುವ ಕಾರಣಗಳಲ್ಲಿ ಇಯೊಸಿನೊಫಿಲಿಕ್ ಈಸೊಫೆಜೈಟಿಸ್ ಒಂದು. ಅದು ಅಲರ್ಜಿಯಿಂದ ಬರುವ ಉರಿಯೂತ. ಅದನ್ನು ಇಳಿಸದೆ ಬರೀ ಹಿಗ್ಗಿಸುತ್ತಾ ಹೋದರೆ ಮತ್ತೆ ಕಿರಿದಾಗುತ್ತದೆ. ಅದಕ್ಕೇ ಡಾಕ್ಟರು ಉರಿಯೂತ ಇಳಿಸುವ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಬರೆಯುತ್ತಾರೆ.

ಯುರೋಪಿನಲ್ಲಿ 2018ರಿಂದ ಇದರ ಬಾಯಲ್ಲಿ ಕರಗುವ ಮಾತ್ರೆ ಇದೆ. ಅಮೆರಿಕದಲ್ಲಿ 2024ರಲ್ಲಿ ಕುಡಿಯುವ ಔಷಧಿಗೆ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ, ಔಷಧಿಯನ್ನು ಆವಿ ಮಾಡುವ ಯಂತ್ರವಾದ ನೆಬ್ಯುಲೈಸರ್‌ಗೆ ಹಾಕುವ ಪುಟ್ಟ ಪ್ಲಾಸ್ಟಿಕ್ ಟ್ಯೂಬು, ಅಂದರೆ ರೆಸ್ಪ್ಯೂಲ್ ತಂದು ಕಲಸಿಕೊಳ್ಳಬೇಕು. ಜನ ಎಡವುವುದು ಇಲ್ಲೇ.

ಮೊದಲು ಅಂಗಡಿ. ಲೇಬಲ್ ಓದಿ. ಬುಡೆಸೊನೈಡ್ ಒಂದೇ ಇರಬೇಕು. ಫಾರ್ಮೊಟೆರಾಲ್ ಸೇರಿದ್ದೂ ಸಿಗುತ್ತದೆ, ಲೆವೊಸಾಲ್ಬುಟಮಾಲ್‌ನದ್ದೂ ನೋಡಲು ಹಾಗೇ ಇರುತ್ತದೆ. ಅವು ಶ್ವಾಸನಾಳ ಹಿಗ್ಗಿಸುವ ಔಷಧಿಗಳು, ಬೇಡ. 2 ಎಂಎಲ್‌ನಲ್ಲಿ 0.5 ಮಿಲಿಗ್ರಾಂ ಇದ್ದದ್ದೂ ಉಂಟು, 1 ಮಿಲಿಗ್ರಾಂ ಇದ್ದದ್ದೂ ಉಂಟು. ಚೀಟಿಯಲ್ಲಿ ಬರೆದದ್ದನ್ನೇ ತನ್ನಿ.

ಈಗ ಕಲಸುವುದು. ರೆಸ್ಪ್ಯೂಲನ್ನು ಚೆನ್ನಾಗಿ ಅಲ್ಲಾಡಿಸಿ, ಔಷಧಿ ತಳಕ್ಕೆ ಕೂತಿರುತ್ತದೆ. ತಲೆ ಮುರಿದು ಸಣ್ಣ ಬಟ್ಟಲಿಗೆ ಪೂರ್ತಿ ಹಿಂಡಿ. ಒಂದೆರಡು ಟೀ ಚಮಚ ಗಟ್ಟಿ ಜೇನುತುಪ್ಪ ಹಾಕಿ ತಿರುವಿ. ಒಟ್ಟು 5ರಿಂದ 10 ಎಂಎಲ್ ಆದರೆ ಸಾಕು. ಚಮಚ ಎತ್ತಿದರೆ ದಾರದ ಹಾಗೆ ಇಳಿಯಬೇಕು. ನೀರಿನ ಹಾಗೆ ತೊಟ್ಟಿಕ್ಕಿದರೆ ಇನ್ನೂ ಸ್ವಲ್ಪ ಜೇನು ಸೇರಿಸಿ. ತೆಳ್ಳಗಿದ್ದರೆ ಅದು ಅನ್ನನಾಳದಲ್ಲಿ ನಿಲ್ಲದೆ ಸೀದಾ ಹೊಟ್ಟೆಗೆ ಹೋಗುತ್ತದೆ. ಗೋಡೆಗೆ ಅಂಟಿ ನಿಂತಷ್ಟೂ ಕೆಲಸ ಜಾಸ್ತಿ. 2012ರಲ್ಲಿ ಅಮೆರಿಕದಲ್ಲಿ ಇದನ್ನೇ ಹೋಲಿಸಿ ನೋಡಿದರು: ನೆಬ್ಯುಲೈಸರ್ ಆವಿಯನ್ನು ನುಂಗಿದವರಿಗಿಂತ ಮಂದ ಮಾಡಿ ನುಂಗಿದವರಿಗೆ ಅನ್ನನಾಳದಲ್ಲಿ ಔಷಧಿ ಹೆಚ್ಚು ಹೊತ್ತು ನಿಂತಿತು, ಉರಿಯೂತವೂ ಹೆಚ್ಚು ಇಳಿಯಿತು.

ಸಕ್ಕರೆಗೆ ಬದಲಿಯಾದ ಸುಕ್ರಲೋಸ್ ಪುಡಿಯಲ್ಲೂ ಕಲಸುತ್ತಾರೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅದೇ ಸರಿ. ಆದರೆ ಸಿಹಿ ಮಾತ್ರೆ, ಸಿಹಿ ಡ್ರಾಪ್ಸ್ ಹಾಕಬೇಡಿ, ಮಂದವೇ ಆಗುವುದಿಲ್ಲ. ಉಳಿದವರಿಗೆಲ್ಲ ನಾನು ಜೇನನ್ನೇ ಹೇಳುತ್ತೇನೆ, ಮಕ್ಕಳು ತಕರಾರಿಲ್ಲದೆ ನುಂಗುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಕೊಡಲೇಬಾರದು. ಅಗ್ಗದ, ನೀರಾದ ಜೇನು ತಂದು ದುಡ್ಡು ಕಳೆಯಬೇಡಿ. ಹಾಲು, ಜ್ಯೂಸಿನಲ್ಲಿ ಬೆರೆಸುವುದೂ ಬೇಡ. ನಾಳೆಗೂ ಆಗಲಿ ಎಂದು ಫ್ರಿಜ್‌ನಲ್ಲಿ ಇಡಬೇಡಿ, ಪ್ರತಿ ಸಲ ಹೊಸದಾಗಿ ಕಲಸಿ.

ಊಟ, ನೀರು, ಮಾತ್ರೆ ಎಲ್ಲ ಮೊದಲೇ ಮುಗಿಸಿ. ಆಮೇಲೆ ಇದನ್ನು ಒಂದೇ ಗುಟುಕಿಗೆ ಸುರಿದುಕೊಳ್ಳದೆ, ಸ್ವಲ್ಪ ಸ್ವಲ್ಪವಾಗಿ ನಿಧಾನಕ್ಕೆ ನುಂಗಿ. ನಂತರ 30 ನಿಮಿಷ ಏನೂ ತಿನ್ನಬಾರದು, ಒಂದು ಗುಟುಕು ನೀರೂ ಬೇಡ. ಬಾಯಿ ಸಿಹಿಯಾಯಿತು ಅಂತ ಮಗು ನೀರು ಕೇಳುತ್ತದೆ. ಅಜ್ಜಿ ಪಾಪ ಅಂತ ಕೊಟ್ಟುಬಿಡುತ್ತಾರೆ. ಅಲ್ಲಿಗೆ ಆ ಹೊತ್ತಿನ ಔಷಧಿ ತೊಳೆದು ಹೋಯಿತು. ಮನೆಯವರಿಗೆಲ್ಲ ಮೊದಲೇ ಹೇಳಿಡಿ.

ಅರ್ಧ ಗಂಟೆಯ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ಬಾಯಲ್ಲಿ, ಗಂಟಲಲ್ಲಿ ಬಿಳಿ ಫಂಗಸ್ ಬರಬಹುದು. ಬಿಳಿ ಕಲೆ ಕಂಡರೆ, ನುಂಗುವಾಗ ಹೊಸದಾಗಿ ಉರಿ ಶುರುವಾದರೆ ಡಾಕ್ಟರಿಗೆ ತೋರಿಸಿ.

ನುಂಗಲು ಸಲೀಸಾಯಿತು ಅಂತ ಸುಮ್ನೆ ನಿಲ್ಲಿಸಬೇಡಿ. ತೊಂದರೆ ಕಡಿಮೆಯಾದರೂ ಒಳಗೆ ಉರಿಯೂತ ಉಳಿದಿರಬಹುದು. ಅದು ಗೊತ್ತಾಗುವುದು ಮತ್ತೆ ಎಂಡೋಸ್ಕೋಪಿ ಮಾಡಿ ಚೂರು ತೆಗೆದು ಪರೀಕ್ಷಿಸಿದಾಗಲೇ. ಇದು ಸ್ಟೀರಾಯ್ಡ್, ಹೆಚ್ಚು ಕಡಿಮೆ ಮಾಡುವುದೂ ನಿಲ್ಲಿಸುವುದೂ ಡಾಕ್ಟರ ಮಾತಿನಂತೆ ಆಗಬೇಕು.

ಈ ನಡುವೆ ತುತ್ತು ಸಿಕ್ಕಿಕೊಂಡು ಎಂಜಲೂ ಇಳಿಯದಿದ್ದರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸಿ ತಳ್ಳಲು ಹೋಗಬೇಡಿ. ನೀರೂ ಕುಡಿಸಬೇಡಿ. ರಾತ್ರಿಯಾದರೂ ಸರಿ, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ತಕ್ಷಣ ಕರೆದುಕೊಂಡು ಹೋಗಿ.