ಹಳೆ ಫ್ಯಾಟ್ ಬೈಕ್: ಎಲ್ಲರೂ ಬೇಡ ಅಂದರು, ನಾನು ಕೊಂಡೆ

ಹತ್ತು ವರ್ಷ ದಾಟಿದ ಫ್ಯಾಟ್ ಬೈಕ್, ಅಂದರೆ ತುಂಬಾ ಅಗಲ ಟೈರಿನ ಸೈಕಲ್, ತಗೊಳ್ತೀನಿ ಅಂದಾಗ ಜೊತೆಗೆ ಓಡಿಸುವವರು ಒಬ್ಬರೂ ಒಪ್ಪಲಿಲ್ಲ. ಹಬ್ (ಗಾಲಿಯ ನಡುವಿನ ಭಾಗ) ಅಳತೆ ಹಳೆಯದು, ಪಾರ್ಟ್ಸ್ ಸಿಗಲ್ಲ, ಮುಂದೆ ಶಾಕ್ ಇಲ್ಲ, ಸುಮ್ನೆ ದುಡ್ಡು ದಂಡ ಅಂದರು. ಈಗ ಅದೇ ಬೈಕು ಮರಳಲ್ಲಿ ಅವರ ಹೊಸ ಬೈಕುಗಳ ಜೊತೆಗೇ ಓಡುತ್ತಿದೆ. ಬೈಕು, ರಿಪೇರಿ, ಹೊಸ ಟೈರು ಎಲ್ಲ ಸೇರಿ ಹೊಸದರ ಅರ್ಧ ಬೆಲೆಗಿಂತ ಸ್ವಲ್ಪ ಕಡಿಮೆಯೇ ಆಯಿತು.

ಮೊದಲು ನೋಡಿದ್ದು ಹಿಂದಿನ ಹಬ್ಬಿನ ಅಗಲ. 2005ರ ಸರ್ಲಿ ಪಗ್‌ಸ್ಲಿ ತರಹದ ಫ್ರೇಮಿನಲ್ಲಿ 135 ಮಿ.ಮೀ. ಹಬ್ ಇರುತ್ತದೆ, ಹಿಂದಿನ ಗಾಲಿಯನ್ನು 17.5 ಮಿ.ಮೀ. ಪಕ್ಕಕ್ಕೆ ಸರಿಸಿ ಕಟ್ಟಬೇಕು. ಗಟ್ಟಿ ಬೈಕು, ಆದರೆ ಗಾಲಿ ಹೋದರೆ ತಲೆನೋವು. ಹಾಗಾಗಿ 170 ಮಿ.ಮೀ. ಕ್ವಿಕ್ ರಿಲೀಸ್ (ಸನ್ನೆ ಎಳೆದು ಗಾಲಿ ಬಿಚ್ಚುವ ಬಗೆ) ಇರುವುದನ್ನೇ ಹುಡುಕಿದೆ. ಅದಕ್ಕೂ 177ರ ಥ್ರೂ ಆಕ್ಸಲ್‌ಗೂ (ಫ್ರೇಮಿನೊಳಗೆ ತೂರಿಸುವ ದಪ್ಪ ಅಚ್ಚು) ತುದಿಯ ಕ್ಯಾಪ್ ಬದಲಿಸಿ ಹೊಂದಿಸಬಹುದಾದ ಹಬ್‌ಗಳಿವೆ. ಪಾರ್ಟ್ಸ್ ಸಿಗಲ್ಲ ಅನ್ನುವ ಮಾತು ಅಲ್ಲಿಗೇ ಮುಗಿಯಿತು.

ಚೌಕಾಸಿ ಮಾಡಿದ್ದು ಟೈರಿನ ಮೇಲೆ. ಗಾಳಿ ಬಿಟ್ಟು, ಪಕ್ಕದ ಗೋಡೆಯನ್ನು ಹೆಬ್ಬೆರಳಿಂದ ಮಡಚಿ ನೋಡಿ. ಸಣ್ಣ ಬಿರುಕು ಕಂಡರೆ ಎರಡೂ ಹೊಸ ಟೈರಿನ ಬೆಲೆ ಕಳೆದು ಮಾತಾಡಿ. ನಾನು ಹಾಗೇ ಮಾಡಿದೆ, ಮಾರುವವರು ಒಪ್ಪಿದರು. ಒಳ್ಳೆ ಫ್ಯಾಟ್ ಟೈರು ಎರಡಕ್ಕೆ ಬೈಕಿಗೆ ಕೊಟ್ಟದ್ದರ ಅರ್ಧದಷ್ಟು ಹೋಗುತ್ತೆ ಅಲ್ವಾ? ಸಮುದ್ರದ ದಡದಲ್ಲಿ ಓಡಿದ ಬೈಕಾದರೆ ಕಡ್ಡಿಯ ನಿಪ್ಪಲ್ ತಿರುಗಿಸಿ ನೋಡಿ. ಉಪ್ಪು ತಿಂದಿದ್ದರೆ ತಿರುಗುವುದೇ ಇಲ್ಲ. ಚೈನ್‌ಸ್ಟೇ (ಹಿಂದಿನ ಗಾಲಿಯವರೆಗೆ ಹೋಗುವ ಕೆಳಗಿನ ಕೊಳವೆ) ಒಳಭಾಗದ ಬಣ್ಣ ಟೈರು ಉಜ್ಜಿ ಹೋಗಿದೆಯಾ ಅಂತಲೂ ನೋಡಿ, ಪೆಡಲಿನ ಬುಡದ ಬೆಸುಗೆಯ ಸುತ್ತ ಬಿರುಕು ಹುಡುಕಿ.

ಜಾಸ್ತಿ ಸತಾಯಿಸಿದ್ದು ಟ್ಯೂಬ್‌ಲೆಸ್, ಅಂದರೆ ತೂಕ ಇಳಿಸಲು ಟ್ಯೂಬ್ ಇಲ್ಲದೆ ಟೈರು ಕೂರಿಸುವುದು. ರಿಮ್ 80 ಮಿ.ಮೀ., ತೂಕ ಇಳಿಸಲು ನಡುವೆ ದೊಡ್ಡ ಕಿಂಡಿಗಳು, ಟ್ಯೂಬ್‌ಲೆಸ್‌ಗೆಂದು ಮಾಡಿದ್ದೇ ಅಲ್ಲ. ಬರೀ ಅಗಲದ ಟೇಪ್ ಸುತ್ತಿದಾಗ ಟೈರಿನ ಅಂಚು ಸಡಿಲವಾಗಿತ್ತು. ಎಷ್ಟು ಹೊಡೆದರೂ ಗಾಳಿ ಪಕ್ಕದಿಂದ ಹೋಗುತ್ತಲೇ ಇತ್ತು, ಸೀಲೆಂಟ್ (ಸಂದು, ತೂತು ಮುಚ್ಚುವ ದ್ರವ) ನೆಲದ ಪಾಲು. ಆಮೇಲೆ ಹಳೆ ಟ್ಯೂಬ್ ಸೀಳಿ ರಿಮ್ಮಿನ ಮೇಲೆ ಹರಡಿದೆ. ಗಾಳಿ ನಿಂತಿತು, ಆದರೆ ತೂಕ ಇಳಿಯಲಿಲ್ಲ. ಮತ್ಯಾಕೆ ಅದೆಲ್ಲ? ಕೊನೆಗೆ ಕೆಲಸಕ್ಕೆ ಬಂದದ್ದು ಫೋಮ್ ಪಟ್ಟಿ. ರಿಮ್ಮಿನ ನಡುವಿನ ತಗ್ಗಿಗೆ ನೀರು ಹೀರದ ಫೋಮ್ ಕೂರಿಸಿ ಮೇಲೆ ಟೇಪ್ ಎಳೆದು ಸುತ್ತಿದೆ, ಅಂಚು ಬಿಗಿಯಾಗಿ ಕೂತಿತು. ಫೋಮಿನ ದಪ್ಪ ಎಷ್ಟು, ಟೇಪಿನ ಜೋಡಣೆ ಎಲ್ಲಿ ಬರಬೇಕು ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ತುಂಬಾ ಸಂಜೆ ತಿಂದ ವಿಷಯ ಅದು. ಒಂದು ಗಾಲಿಗೆ ಸುಮಾರು 150–200 ಮಿ.ಲೀ. ಸೀಲೆಂಟ್ ಬೇಕಾಯಿತು. ಎರಡೂ ಗಾಲಿ ಸೇರಿ ಅರ್ಧ ಕೆಜಿ ಹತ್ತಿರ ಇಳಿಯಿತು. ಗಾಲಿಯ ಅಂಚಿನಲ್ಲಿ ಇಳಿದ ತೂಕ ಕಾಲಿಗೆ ಗೊತ್ತಾಗುತ್ತೆ.

ಗೇರಿನ ಕಥೆ ಚಿಕ್ಕದು. ಮುಂದೆ ಎರಡು ಚೈನ್‌ರಿಂಗ್ ಇತ್ತು. ಒಳಗಿನದಕ್ಕೆ ಹಾಕಿ ಹಿಂದೆ ದೊಡ್ಡ ಹಲ್ಲಿಗೆ ಹೋದರೆ ಚೈನು ಟೈರಿಗೆ ತಾಗುತ್ತಿತ್ತು. ಎರಡನ್ನೂ ತೆಗೆದು 30 ಹಲ್ಲಿನ ಒಂದೇ ರಿಂಗ್ ಹಾಕಿದೆ. ಹಿಂದೆ ಶಿಮಾನೊ ಡಿಯೋರ್‌ನ 11 ಸ್ಪೀಡ್, 11–51 ಹಲ್ಲಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು). ಆ ಕ್ಯಾಸೆಟ್ ಹಳೆ ಎಚ್‌ಜಿ ಫ್ರೀಹಬ್ಬಿನ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಮೇಲೆ ಹಾಗೇ ಕೂರುತ್ತೆ. 12 ಸ್ಪೀಡ್‌ನ ಆಸೆಗೆ ಬಿದ್ದರೆ ಫ್ರೀಹಬ್ಬೂ ಬದಲಿಸಬೇಕಾಗಬಹುದು, ಖರ್ಚು ಕೈಮೀರುತ್ತೆ.

ನಡುವೆ ಇನ್ನೊಂದು ಪ್ರಯೋಗ. 26x4 ಇಂಚಿನ ಟೈರಿನ ಹೊರಸುತ್ತು 29x2.25ಕ್ಕೆ ಹೆಚ್ಚುಕಡಿಮೆ ಸಮ. ಅದಕ್ಕೇ ಅದೇ ಅಳತೆಯ ಹಬ್ಬಿಗೆ 29ರ ಗಾಲಿ ಕಟ್ಟಿಸಿದೆ. ಪೆಡಲಿನ ಎತ್ತರ ಅಷ್ಟೇ ಉಳಿಯಿತು, ಗಟ್ಟಿ ದಾರಿಯಲ್ಲಿ ಬೈಕು ಹಗುರವಾಗಿ ಓಡುತ್ತೆ. ಒಂದೇ ಫ್ರೇಮು, ಎರಡು ಬೈಕು. ಗಾಲಿಗೆ ಕೊಟ್ಟ ದುಡ್ಡಿಗೆ ನನಗೆ ಬೇಜಾರಿಲ್ಲ.

ಶಾಕ್ ಹಾಕಿಸಲಿಲ್ಲ. 2014ರಲ್ಲಿ ಬಂದ ರಾಕ್‌ಶಾಕ್ಸ್ ಬ್ಲೂಟೊ ಅನ್ನುವ ಫ್ಯಾಟ್ ಬೈಕ್ ಶಾಕ್‌ಗೆ ಟೇಪರ್ಡ್ (ಬುಡದಲ್ಲಿ ದಪ್ಪವಾಗುವ) ಕೊಳವೆ, ಮುಂದೆ 150 ಮಿ.ಮೀ. ಹಬ್. ನನ್ನ ಫ್ರೇಮಿನ ತಲೆಕೊಳವೆ ನೇರದ್ದು, ಮುಂದಿನ ಹಬ್ 135. ಆ ದುಡ್ಡಲ್ಲಿ 0–15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತೋರಿಸುವ ಸಣ್ಣ ಗೇಜ್ ತಂದೆ, ಉಳಿದದ್ದು ಟೈರಿಗೆ ಹೋಯಿತು. ಮಾಮೂಲಿ ಪಂಪಿನ ಮುಳ್ಳು ಇಷ್ಟು ಕಡಿಮೆ ಗಾಳಿಯನ್ನು ಸರಿಯಾಗಿ ತೋರಿಸುವುದಿಲ್ಲ. ಮೆತ್ತನೆ ಮರಳಿಗೆ 5–6, ಕಲ್ಲುದಾರಿಗೆ 8–9, ಗಟ್ಟಿ ರಸ್ತೆಗೆ 12ರ ಮೇಲೆ. ಇದು ನನ್ನ ತೂಕಕ್ಕೆ. ಗಟ್ಟಿ ರಸ್ತೆಯಲ್ಲಿ 6 ಇಟ್ಟು ಓಡಿಸಿದರೆ ಹ್ಯಾಂಡಲ್ ತಾನೇ ಒಂದು ಕಡೆ ಎಳೆಯುತ್ತೆ.

ಈ ಫ್ರೇಮಿಗೆ 4.8 ಇಂಚಿನ ಟೈರು ಹಿಡಿಸಲ್ಲ, ಅದೊಂದು ಕೊರಗು ಉಳಿದಿದೆ. 190ರ ಹಬ್ ಇರುವ ಹಳೆ ಫ್ರೇಮ್ ಒಂದನ್ನು ಹುಡುಕುತ್ತಿದ್ದೇನೆ, ಟೈರು ಸವೆದಿದ್ದರೂ ಪರವಾಗಿಲ್ಲ.